ಮದುವೆ ಪಟ್ಟಿಗೊಂದು ಕಂಪ್ಯೂಟರ್ ಪುಸ್ತಕ

ನಮ್ಮಪ್ಪ ಗಂಡು-ಹೆಣ್ಣು ಕೂಡಿಸುವ ಕೆಲಸ ಮಾಡುತ್ತಿದ್ದರು. ಕೆ.ಆರ್. ನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲೊಂದು ಕ್ಯಾಲೆಂಡರು. ಅದೇ ಅವರ ಆಫೀಸು. ಸಾಲಿಗ್ರಾಮ, ಮಿರ್ಲೆ, ಹುಣಸೂರು, ಪಿರಿಯಾಪಟ್ಟಣ, ಅತ್ತ ಸರಗೂರಿನವರೆಗೂ ಅವರು ಕಾಫಿ ಕುಡಿಯದ ಮನೆಯಿರಲಿಲ್ಲ. ಯಾರ ಮಗಳು ಡಿಗ್ರಿ ಮುಗಿಸಿದ್ದಾಳೆ, ಯಾರ ಜಮೀನಿಗೆ ನಾಲೆ ನೀರು ಹಾಯುತ್ತದೆ, ಯಾರದು ಮಳೆ ನಂಬಿದ ಹೊಲ, ಯಾರ ಮನೆದೇವರು ಯಾವುದು, ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಫೋಟೊಗಳು ಮಾತ್ರ ಒಂದು ರೆಕ್ಸಿನ್ ಚೀಲದಲ್ಲಿ.

ವಯಸ್ಸು ಏರುತ್ತಿದ್ದಂತೆ ತಲೆ ಕೈಕೊಡತೊಡಗಿತು. ಒಂದು ದಿನ ಮಿರ್ಲೆಯ ಮನೆಯೊಂದರ ಜಗಲಿಯಲ್ಲಿ ಕುಳಿತು ಒಂದು ಹುಡುಗಿಯ ಫೋಟೊ ತೋರಿಸಿ, ಅವಳ ಗುಣ, ಓದು, ಮನೆತನ ಎಲ್ಲವನ್ನೂ ವರ್ಣಿಸಿದರಂತೆ. ಪಕ್ಕದಲ್ಲಿ ಕುಳಿತಿದ್ದವರು ಆ ಹುಡುಗಿಯ ಸೋದರಮಾವನೇ. ಅವರು ಎಲ್ಲ ಕೇಳಿಸಿಕೊಂಡು, "ಅವ್ಳಿಗೆ ನಿಶ್ಚಿತಾರ್ಥ ಆಗೋಯ್ತಲ್ಲಪ್ಪಾ. ನೀನೇ ಅಲ್ವಾ ಮುಂದ್ ನಿಂತು ಮಾಡ್ಸಿದ್ದು?" ಅಂದರಂತೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಬೆಂಚಿನ ಮೇಲೆ ಕುಳಿತುಬಿಟ್ಟರು.

ಅದಾದ ಸ್ವಲ್ಪ ದಿನಕ್ಕೇ ಯಾರೋ ಹೇಳಿದರೆಂದು ಮೈಸೂರಿನಿಂದ ಒಂದು ಹಳೆಯ ಕಂಪ್ಯೂಟರ್ ತರಿಸಿದರು. ಮೊಬೈಲು ಇನ್ನೂ ಮಾತಾಡುವುದಕ್ಕಷ್ಟೇ ಇದ್ದ ಕಾಲ ಅದು. ತಂದುಕೊಟ್ಟವನು ತೆರೆಯ ಮೇಲೊಂದು ಚಿತ್ರ ಒತ್ತಿ, "ಇದು ಡೇಟಾಬೇಸು. ಎಸ್ರು, ಊರು ಎಲ್ಲಾ ಇದ್ರೊಳಗೆ ತುಂಬುದ್ರೆ ಕೇಳ್ದಂಗೆ ತೆಗ್ದು ಕೊಡ್ತದೆ," ಎಂದು ಹೇಳಿ ಊಟ ಮಾಡಿಕೊಂಡು ಹೊರಟುಹೋದ.

ನಾನು ಆಗಷ್ಟೇ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಟೈಪಿಂಗ್ ಬರುತ್ತಿತ್ತು, ಅಷ್ಟೇ. "ಮಗಾ, ನೀನು ಕಲ್ತ್ಕೊ. ನನ್ ತಲೇಲಿರೋದ್ನೆಲ್ಲಾ ಅದ್ಕೆ ಸುರ್ದುಬುಡನ," ಅಂದರು ಅಪ್ಪ. ನಾನು ಆ ಪ್ರೋಗ್ರಾಂ ತೆರೆದು ನೋಡಿದೆ. ಒಂದು ಬೂದು ಬಣ್ಣದ ಕಿಟಕಿ, ಅದರೊಳಗೆ ಏನೂ ಇಲ್ಲ. ಎಲ್ಲಿಂದ ಶುರು ಮಾಡಬೇಕೆಂದು ಕೇಳಲು ಊರಿನಲ್ಲಿ ಒಬ್ಬರೂ ಇರಲಿಲ್ಲ. ನಾನು ಟೈಪಿಂಗ್ ಕಲಿತ ಸೆಂಟರಿನ ಮೇಷ್ಟ್ರು, "ಅದು ಸಿಲಬಸ್‌ನಲ್ಲಿಲ್ಲಮ್ಮ. ಯಾವುದಾದ್ರೂ ಪುಸ್ತಕ ನೋಡ್ಕೊ," ಎಂದು ಕೈಚೆಲ್ಲಿದರು.

ಹಾಗೆ ನಾನು ಪುಸ್ತಕದಂಗಡಿಗೆ ಹೋದೆ.

ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಶಾಲೆ ಪುಸ್ತಕ, ಗೈಡು, ಗ್ರೀಟಿಂಗ್ ಕಾರ್ಡು ಸಿಗುತ್ತಿದ್ದವು. ಮಾಲೀಕರು ಗಲ್ಲಾದ ಮುಂದೆ ಕುಳಿತರೆ ಏಳುತ್ತಿರಲಿಲ್ಲ. ಪುಸ್ತಕ ತೆಗೆದುಕೊಡುವುದು, ಮೈಸೂರಿಗೆ ಹೋಗಿ ಸರಕು ತರುವುದು ಎಲ್ಲ ಅಲ್ಲಿ ಕೆಲಸಕ್ಕಿದ್ದ ಒಬ್ಬನದು. ಸಾಲಿಗ್ರಾಮದ ಹತ್ತಿರದ ಹಳ್ಳಿಯವನು, ಬಿ.ಕಾಂ. ಮಾಡಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ನನಗೆ ಬೇಕಾದ ಪ್ರೋಗ್ರಾಂ ಹೆಸರು ಹೇಳಿದಾಗ ಅವನು ಎರಡು ಸಲ ಹೇಳಿಸಿಕೊಂಡು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ. "ನಮ್ಮೂರಲ್ಲಿ ಇದುನ್ನ ಕೇಳ್ಕೊಂಡು ಬಂದೋರು ನೀವೇ ಮೊದ್ಲು ಕಣ್ರೀ. ಮುಂದಿನ್ ವಾರ ಮೈಸೂರಿಗೆ ಓಯ್ತೀನಿ, ನೋಡ್ಕೊಂಡು ಬತ್ತೀನಿ," ಅಂದ.

ಮೊದಲು ತಂದ ಪುಸ್ತಕ ಇಟ್ಟಿಗೆಯಷ್ಟು ದಪ್ಪವಿತ್ತು. ಪೂರ್ತಿ ಇಂಗ್ಲಿಷು. ಹಿಂದಿನ ರಟ್ಟಿಗೆ ಸಿ.ಡಿ. ಇಡುವ ಚೀಲ ಅಂಟಿಸಿತ್ತು, ಒಳಗೆ ಸಿ.ಡಿ. ಇರಲಿಲ್ಲ. "ಮನೆಗೆ ತಗಂಡೋಗಿ ಓದಿ ನೋಡಿ. ಬ್ಯಾಡ ಅನ್ಸುದ್ರೆ ಮೂಲೆ ಮಡಚ್ದೆ ವಾಪಸ್ ಕೊಡಿ, ನಾನು ಅವ್ರಿಗೆ ಒಪ್ಪುಸ್ತೀನಿ," ಅಂದ ತಗ್ಗಿದ ದನಿಯಲ್ಲಿ, ಮಾಲೀಕರಿಗೆ ಕೇಳಿಸದ ಹಾಗೆ. ಆ ಪುಸ್ತಕ ಬರೆದವರು ಓದುವವನಿಗೆ ಆಗಲೇ ಎಲ್ಲ ಗೊತ್ತಿದೆ ಎಂದುಕೊಂಡೇ ಶುರು ಮಾಡಿದ್ದರು. ಉದಾಹರಣೆಗಳೆಲ್ಲ ಯಾವುದೋ ದೇಶದ ಗೋದಾಮಿನವು. ಅಲ್ಲಿ ಸರಕು ಬರುವುದು, ಸರಕು ಹೋಗುವುದು. ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೊದಲ ಅಧ್ಯಾಯದಲ್ಲೇ ಹೆಣಗಿದೆ. ಗೋದಾಮು ನನಗೆ ಅರ್ಥವಾಗಲಿಲ್ಲ, ಅದರ ಬಾಗಿಲು ಎಲ್ಲಿದೆ ಎಂಬುದೂ ತಿಳಿಯಲಿಲ್ಲ.

ವಾಪಸ್ ಕೊಟ್ಟೆ. ಅವನು ಮುಂದಿನ ಸಲ ಒಂದು ಕನ್ನಡ ಪುಸ್ತಕ ಹುಡುಕಿ ತಂದ. ಎಷ್ಟು ಖುಷಿಯಿಂದ ತೆರೆದೆನೋ ಅಷ್ಟೇ ಬೇಗ ಮುಚ್ಚಿದೆ. ತೆರೆಯ ಮೇಲೆ 'ಟೇಬಲ್' ಎಂದು ಇರುವುದಕ್ಕೆ ಆ ಪುಸ್ತಕದಲ್ಲಿ 'ಕೋಷ್ಟಕ', 'ಕ್ವೆರಿ'ಗೆ 'ಪರಿಪೃಚ್ಛೆ', 'ಫೀಲ್ಡ್'ಗೆ 'ಕ್ಷೇತ್ರ'. ಯಾವ ಮಾತು ತೆರೆಯ ಯಾವ ಗುಂಡಿಗೆ ಸೇರಿದ್ದೆಂದು ಪುಸ್ತಕದಲ್ಲೆಲ್ಲೂ ಹೇಳಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಅದನ್ನು ಬಿಡಿಸಿಕೊಂಡು ನಿಂತೆವು. ಅವನು ಒಂದು ವಾಕ್ಯ ಗಟ್ಟಿಯಾಗಿ ಓದಿದ: "ಕ್ಷೇತ್ರದ ಗುಣಲಕ್ಷಣಗಳನ್ನು ನಿರ್ಧರಿಸತಕ್ಕದ್ದು." ಆಮೇಲೆ ನನ್ನ ಮುಖ ನೋಡಿ, "ಇದ್ಯಾವುದೋ ಪುಣ್ಯಕ್ಷೇತ್ರದ ಪುಸ್ತಕ ಇರ್ಬೇಕು ಕಣ್ರೀ," ಅಂದ. ನಾನು ನಕ್ಕೆ. ಮಾಲೀಕರು ಕನ್ನಡಕದ ಮೇಲಿಂದ ನೋಡಿದರು.

ಮೂರನೆಯದು ಡಿಪ್ಲೊಮಾ ಮಕ್ಕಳ ಗೈಡು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಅದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗಬಹುದಿತ್ತು. ಅಪ್ಪನ ಚೀಲದಲ್ಲಿದ್ದ ಒಂದು ಹುಡುಗಿಗೂ ಗಂಡು ಸಿಗುತ್ತಿರಲಿಲ್ಲ.

ಇಷ್ಟು ಹೊತ್ತಿಗೆ ಅವನಿಗೂ ಇದು ಹಟವಾಗಿತ್ತು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ತಾನೂ ಆ ಪುಸ್ತಕಗಳನ್ನು ಓದುತ್ತಿದ್ದ. ನಾನು ಹೋದಾಗ ಅಲ್ಲಿಯವರೆಗೆ ತಿಳಿದದ್ದನ್ನು ಹೇಳುತ್ತಿದ್ದ, ನಾನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಅದನ್ನು ಮಾಡಿ ನೋಡಿ ಮಾರನೆಯ ದಿನ ಆಯ್ತೋ ಇಲ್ಲವೋ ವರದಿ ಒಪ್ಪಿಸುತ್ತಿದ್ದೆ. ಅವನ ಬಳಿ ಕಂಪ್ಯೂಟರ್ ಇರಲಿಲ್ಲ, ನನ್ನ ಬಳಿ ಪುಸ್ತಕ ಇರಲಿಲ್ಲ. ಒಂದು ದಿನ ಅವನು ಹೇಳಿದ ಮಾತು ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತಿದೆ. "ನಾವು ಸುಮ್ನೆ ಪುಸ್ತಕ ನೋಡ್ತಿದ್ದೀವಿ. ಅಂಗಲ್ಲ. ನಿಮಗೆ ಬೇಕಾಗಿರೋ ಒಂದು ಪ್ರಶ್ನೆ ಇಟ್ಕಳಿ. ಯಾವ ಪುಸ್ತಕ ಸಿಕ್ಕುದ್ರೂ ಹಿಂದಿನ ಅನುಕ್ರಮಣಿಕೆ ತೆಗ್ದು ಆ ಪ್ರಶ್ನೆಗೆ ಉತ್ರ ಎಲ್ಲದೆ ನೋಡಿ. ಆ ಒಂದು ಪುಟ ಅರ್ಥ ಆಯ್ತಾ, ತಗಳಿ. ಆಗ್ನಿಲ್ವಾ, ಬುಡಿ."

"ಸರಿ, ಏನು ಪ್ರಶ್ನೆ?" ಅಂದೆ.

"ಅದುನ್ನ ನೀವು ಯೋಳ್ಬೇಕು. ನಿಮ್ಮಪ್ಪಾಜಿ ಕೆಲ್ಸ ನಿಮಗೆ ಗೊತ್ತಿರೋದು."

ನಾನು ಮನೆಗೆ ಬಂದು ಯೋಚನೆ ಮಾಡಿದೆ. ನಮ್ಮ ಕೆಲಸದ ತಿರುಳು ಏನು? ಒಂದು ಮನೆಯಲ್ಲಿ ಅಣ್ಣನೂ ಇದ್ದಾನೆ, ತಂಗಿಯೂ ಇದ್ದಾಳೆ. ಮನೆಯ ವಿಷಯ ಒಂದೇ: ಊರು, ಜಮೀನು, ಮನೆದೇವರು. ಮಕ್ಕಳ ವಿಷಯ ಬೇರೆ ಬೇರೆ: ವಯಸ್ಸು, ಓದು, ಎತ್ತರ, ನಕ್ಷತ್ರ. ಮನೆಯ ವಿಷಯವನ್ನು ಪ್ರತಿ ಮಗುವಿಗೂ ಮತ್ತೆ ಮತ್ತೆ ಬರೆಯದೆ ಒಂದೇ ಸಲ ಬರೆದು, ಮಕ್ಕಳನ್ನು ಅದಕ್ಕೆ ಗಂಟು ಹಾಕುವುದು ಹೇಗೆ? ಇದೇ ನನ್ನ ಪ್ರಶ್ನೆ. ಮಾರನೆಯ ದಿನ ಅವನಿಗೆ ಹೇಳಿದೆ. "ಬಾಳ ಚೆನ್ನಾಗದೆ," ಅಂದ. ನನಗೆ ಯಾರೂ ಅದುವರೆಗೆ ಹಾಗೆ ಹೇಳಿರಲಿಲ್ಲ. ಡಿಗ್ರಿಯಲ್ಲಿ ಒಳ್ಳೆಯ ಅಂಕ ಬಂದಾಗಲೂ ನಮ್ಮ ಮನೆಯಲ್ಲಿ, 'ಆಯ್ತು, ಇನ್ನು ಮದ್ವೆ ನೋಡ್ಬೋದು' ಅಂದಿದ್ದರು ಅಷ್ಟೇ.

"ಶನಿವಾರ ನಾನು ಸರಕಿಗೆ ಓಯ್ತಾ ಇವ್ನಿ. ನೀವೂ ಬಂದ್ರೆ ಅಲ್ಲೇ ನೋಡಿ ತಗಬೋದು," ಅಂದ.

ಅಪ್ಪನನ್ನು ಕೇಳಿದೆ. ಅಪ್ಪ, "ಪುಸ್ತಕ ತರಕ್ಕೆ ತಾನೆ? ಓಗಿದ್ದು ಬಾ," ಎಂದರು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಾನು ಹೆಂಗಸರ ನಡುವೆ ಕುಳಿತೆ, ಅವನು ಬಾಗಿಲ ಹತ್ತಿರ ನಿಂತಿದ್ದ.

ಮೈಸೂರಿನಲ್ಲಿ ಅವನು ಅಂಗಡಿಯ ಕೆಲಸ ಬೇಗ ಮುಗಿಸಿ, ಹಳೆ ಪುಸ್ತಕ ಮಾರುವ ಸಾಲಿಗೆ ಕರೆದುಕೊಂಡು ಹೋದ. ಅಷ್ಟೊಂದು ಕಂಪ್ಯೂಟರ್ ಪುಸ್ತಕಗಳನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ಕೆಲವೇ ದಿನದಲ್ಲಿ ಎಲ್ಲ ಕಲಿಸಿಬಿಡುತ್ತೇವೆನ್ನುವವು, ದಡ್ಡರಿಗೆಂದೇ ಬರೆದವು, ಪಂಡಿತರಿಗೆಂದೇ ಬರೆದವು. ಒಂದೊಂದನ್ನೂ ಅವನು ತೆಗೆದು ಹಿಂದಿನ ಪುಟ ಬಿಚ್ಚಿ ನನ್ನ ಕೈಗೆ ಕೊಡುವುದು, ನಾನು ಎರಡು ಟೇಬಲ್ ಜೋಡಿಸುವ ಪುಟ ಹುಡುಕಿ ಓದುವುದು, ತಲೆಯಾಡಿಸಿ ವಾಪಸ್ ಕೊಡುವುದು. ಬಿಸಿಲು ನೆತ್ತಿಗೆ ಬಂದಿತ್ತು. ಅಂಗಡಿಯವನಿಗೆ ಬೇಜಾರಾಗಿ, "ತಗೊಳ್ತೀರಾ, ಇಲ್ಲೇ ಓದಿ ಪರೀಕ್ಷೆ ಬರೀತೀರಾ?" ಅಂದ. ಇವನು, "ಸ್ವಲ್ಪ ತಡ್ಕಳಿ ಸಾರ್, ಮದ್ವೆ ವಿಚಾರ, ಅವಸರ ಮಾಡಂಗಿಲ್ಲ," ಅಂದುಬಿಟ್ಟ. ಅಂಗಡಿಯವನು ನಮ್ಮಿಬ್ಬರ ಮುಖವನ್ನೂ ನೋಡಿ ನಕ್ಕು ಒಂದು ಸ್ಟೂಲು ಕೊಟ್ಟ. ನಾನು ಕಿವಿಯವರೆಗೂ ಕೆಂಪಾಗಿ ಸ್ಟೂಲಿನ ಮೇಲೆ ಕುಳಿತು ಪುಟ ತಿರುವಿದೆ.

ಕೊನೆಗೆ ಸಿಕ್ಕಿದ್ದು ಒಂದು ತೆಳ್ಳನೆಯ ಪುಸ್ತಕ. ರಟ್ಟು ಕಿತ್ತುಹೋಗಿ ಯಾರೋ ಹಳೆ ಕ್ಯಾಲೆಂಡರಿನ ಹಾಳೆ ಹೊದಿಸಿದ್ದರು. ಆಫೀಸಿನ ಗುಮಾಸ್ತರಿಗೆಂದು ಬರೆದದ್ದು. ಸರಳ ಇಂಗ್ಲಿಷು, ಪ್ರತಿ ಹೆಜ್ಜೆಗೂ ತೆರೆಯ ಚಿತ್ರ. ಉದಾಹರಣೆಗೆ ಒಂದು ಶಾಲೆ: ಒಂದು ತರಗತಿ, ಅದರಲ್ಲಿ ಅನೇಕ ಮಕ್ಕಳು. ಆ ಪುಟ ಓದುತ್ತಿದ್ದಂತೆ ತರಗತಿ ಇದ್ದ ಕಡೆ ಮನೆ ಎಂದು ಇಟ್ಟುಕೊಂಡೆ. ಅಷ್ಟೇ, ಎಲ್ಲ ಬಿಡಿಸಿದಂತೆ ಕಾಣಿಸಿತು. "ಇದೇ," ಅಂದೆ. ಅವನು ಪುಸ್ತಕ ತೆಗೆದುಕೊಂಡು ತಾನೂ ಒಮ್ಮೆ ಓದಿ, "ಇದೇ," ಅಂದ.

ಸಂಜೆಯ ರೈಲಿನಲ್ಲಿ ಜನ ಕಡಿಮೆ. ಎದುರುಬದುರು ಕುಳಿತಿದ್ದೆವು. ನಾನು ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಯಾವ ಯಾವ ಕಾಲಂ ಬೇಕೆಂದು ಅವನಿಗೆ ಹೇಳುತ್ತಿದ್ದೆ. ಹೆಸರು, ಊರು, ಓದು, ಉದ್ಯೋಗ. ಉದ್ಯೋಗಕ್ಕೆ ಬಂದಾಗ ಪುಸ್ತಕದಲ್ಲಿದ್ದ ಹಾಗೆ ಮೊದಲೇ ಒಂದು ಪಟ್ಟಿ ಮಾಡಿಟ್ಟು ಅದರಿಂದ ಆರಿಸಿಕೊಳ್ಳುವ ಹಾಗೆ ಮಾಡುತ್ತೇನೆ ಅಂದೆ: ಬೇಸಾಯ, ಸರ್ಕಾರಿ, ಖಾಸಗಿ, ಸ್ವಂತ ವ್ಯಾಪಾರ.

ಅವನು ಕಿಟಕಿಯಾಚೆ ನೋಡುತ್ತಾ, "ಅಂಗ್ಡೀಲಿ ಕೆಲ್ಸ ಮಾಡೋರ್ನ ಯಾವುದ್ರೊಳಗೆ ಹಾಕ್ತೀರಾ?" ಅಂದ.

"ಖಾಸಗಿ."

"ಅಂಥೋರ್ಗೆ ಹೆಣ್ ಕೊಡ್ತಾರಾ ಜನ?"

"ಅದು ಅವರವರ ಮನೆ ಮೇಲೆ ಹೋಗುತ್ತೆ," ಅಂದೆ, ಅಪ್ಪ ಬೆಂಚಿನ ಮೇಲೆ ಕುಳಿತು ಹೇಳುವ ಅದೇ ಧಾಟಿಯಲ್ಲಿ.

"ನಿಮ್ ಮನೇಲಿ?"

ನನಗೆ ಕೇಳಿಸಿತು. ರೈಲು ಯಾವುದೋ ಸಣ್ಣ ಸ್ಟೇಷನ್ನಿಗೆ ನಿಧಾನವಾಗುತ್ತಿತ್ತು, ಸದ್ದೇನೂ ದೊಡ್ಡದಿರಲಿಲ್ಲ. ಆದರೂ ಪುಸ್ತಕದ ಒಂದು ಪುಟ ತಿರುವಿ, "ಏನಂದ್ರಿ?" ಅಂದೆ. ಅವನು ಎರಡನೆಯ ಸಲ ಕೇಳಲಿಲ್ಲ. "ಏನಿಲ್ಲ ಬುಡಿ. ಪುಸ್ತಕ ಗಾಳಿಗೆ ಬಿಚ್ಚೋಯ್ತದೆ, ಚೀಲಕ್ಕಾಕಿ," ಅಂದ.

ನಾನು ಯಾಕೆ ಹಾಗೆ ಮಾಡಿದೆ ಅನ್ನುವುದಕ್ಕೆ ನಮ್ಮಕ್ಕನ ಮದುವೆಯ ಕತೆ ಹೇಳಬೇಕು. ಅಕ್ಕನನ್ನು ಎಚ್.ಡಿ. ಕೋಟೆಗೆ ಕೊಟ್ಟಿದ್ದೇವೆ. ಭಾವನ ಮನೆಯವರು ಹೆಣ್ಣು ಹುಡುಕಿಕೊಡಿ ಎಂದು ಅಪ್ಪನ ಬಳಿ ಬಂದವರು, ಅಪ್ಪ ಬೇರೆ ಒಂದೆರಡು ಕಡೆ ತೋರಿಸಿಯೂ ಇದ್ದರು. ಅವು ಕೂಡಿಬರಲಿಲ್ಲ. ಆಮೇಲೆ ಅವರೇ ನಮ್ಮಕ್ಕನನ್ನು ನೋಡಿ ಒಪ್ಪಿದರು. ಮದುವೆ ಆಯಿತು. ಆದರೆ ಊರಿನಲ್ಲಿ ಒಂದು ಮಾತು ಹುಟ್ಟಿತು: 'ಒಳ್ಳೆ ಗಂಡು ಬಂದ್ರೆ ಮನೆಗಿಟ್ಕಂಡು, ಮಿಕ್ಕಿದ್ದುನ್ನ ನಮಗೆ ತೋರುಸ್ತಾನೆ.' ಸುಮಾರು ದಿನ ಅಪ್ಪನ ಬೆಂಚು ಖಾಲಿ ಬಿದ್ದಿತ್ತು. ಹತ್ತಿರದ ನೆಂಟರೇ ಬೇರೆಯವರ ಬಳಿಗೆ ಹೋದರು. ಅಪ್ಪ ಆಗ ನಮ್ಮೆಲ್ಲರ ಮುಂದೆ ಹೇಳಿದ್ದರು, "ಇನ್ಮೇಲೆ ನಮ್ಮತ್ರ ಬಂದೋರ ಮನೇಲಿ ನಾನು ನೆಂಟಸ್ತಿಕೆ ಮಾಡಕ್ಕಿಲ್ಲ." ಆಗ ನಾನಿನ್ನೂ ಪಿ.ಯು.ಸಿ. ಆ ಮಾತು ನನಗೂ ಸೇರಿಸಿ ಹೇಳಿದ್ದೆಂದು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಅವನ ಸಾಲಿಗ್ರಾಮದ ಕಡೆಯವರೆಲ್ಲ ಹೆಣ್ಣು-ಗಂಡು ಕೇಳಲು ಅಪ್ಪನ ಬಳಿಗೇ ಬರುವವರು.

ಆ ತೆಳು ಪುಸ್ತಕ ನಮ್ಮ ಕಂಪ್ಯೂಟರಿಗಿಂತ ಹಳೆಯ ಆವೃತ್ತಿಯದು. ಚಿತ್ರದಲ್ಲಿದ್ದ ಕೆಲವು ಗುಂಡಿಗಳು ತೆರೆಯ ಮೇಲೆ ಇನ್ನೆಲ್ಲೋ ಇದ್ದವು. ಆದರೂ ಒಂದೊಂದಾಗಿ ಹುಡುಕಿದೆ. ಮೊದಮೊದಲು ಸಾಲಿಗ್ರಾಮ ಅಂತ ಕೇಳಿದರೆ ಅರ್ಧ ಜನ ಬರುತ್ತಲೇ ಇರಲಿಲ್ಲ. ನೋಡಿದರೆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದು ದಿನ ಒಂದೊಂದು ರೀತಿ ಟೈಪ್ ಮಾಡಿದ್ದೆ. ಊರುಗಳಿಗೂ ಉದ್ಯೋಗದ ಹಾಗೆ ಪಟ್ಟಿ ಮಾಡಿದ ಮೇಲೆ ಸರಿಹೋಯಿತು. ಅಪ್ಪ ಪಕ್ಕದಲ್ಲಿ ಕುಳಿತು ತಲೆಯಲ್ಲಿದ್ದುದನ್ನು ಹೇಳುತ್ತಿದ್ದರು, ನಾನು ತುಂಬುತ್ತಿದ್ದೆ. ಮೊದಲ ಸಲ, 'ಪಿರಿಯಾಪಟ್ಟಣದ ಕಡೆ, ಡಿಗ್ರಿ ಆಗಿರುವ, ಮನೆದೇವರು ಬೇರೆ ಇರುವ ಹುಡುಗಿಯರು' ಎಂದು ಕೇಳಿ ಹೆಸರುಗಳು ಸಾಲಾಗಿ ಬಂದಾಗ ಅಪ್ಪ ಎದ್ದು ನಿಂತು, "ಎಲಾ! ಇದು ನನಗಿಂತ ಚೆನ್ನಾಗಿ ಬ್ರೋಕರ್ ಕೆಲ್ಸ ಮಾಡ್ತದಲ್ಲವ್ವಾ!" ಅಂದರು. ನಾನು ಅಂಗಡಿಗೆ ಓಡಿಹೋಗಿ ಅವನಿಗೆ ಹೇಳಿದೆ. ಅವನಿಗೂ ಖುಷಿಯಾಯಿತು. ಆದರೆ ರೈಲಿನ ದಿನದ ನಂತರ ಅವನ ಮಾತಿನಲ್ಲಿ ಸ್ವಲ್ಪ ಮರ್ಯಾದೆ ಜಾಸ್ತಿಯಾಗಿತ್ತು. 'ಕಣ್ರೀ' ಹೋಗಿ 'ಮೇಡಂ' ಬಂದಿತ್ತು. ಪುಸ್ತಕ ಸಿಕ್ಕಿಬಿಟ್ಟಿದ್ದರಿಂದ ನನಗೂ ಅಂಗಡಿಗೆ ಹೋಗಲು ಕಾರಣ ಉಳಿದಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ನಮ್ಮ ಮನೆಗೆ ಬಂದರು. ಬೀದಿಯಲ್ಲೇ ಅಪ್ಪನ ಜೊತೆ ಸ್ವಲ್ಪ ಹೊತ್ತು ಏನೋ ಮಾತಾಡಿ ಒಳಗೆ ಬಂದು ಬೆಂಚಿನ ಮೇಲೆ ಕುಳಿತರು. ಸೆರಗಿನ ಗಂಟಿನಿಂದ ಒಂದು ಫೋಟೊ ತೆಗೆದು ಅಪ್ಪನ ಕೈಗಿಟ್ಟರು. ಅಪ್ಪ ನನ್ನ ಮೇಜಿನ ಮೇಲಿಟ್ಟು, "ಬರ್ಕೊ ಮಗಾ," ಅಂದರು. ಫೋಟೊದಲ್ಲಿ ಅವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸ್ಟುಡಿಯೊದವರು ಹೇಳಿದ ಕಡೆ ನೋಡುತ್ತಾ.

ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಊರು, ಮನೆದೇವರು, ಜಮೀನು. ಎಷ್ಟೋ ತಿಂಗಳು ಮಾತಾಡಿದ್ದರೂ ಅವನ ನಕ್ಷತ್ರ ನನಗೆ ಅವತ್ತೇ ಗೊತ್ತಾದದ್ದು. ಉದ್ಯೋಗದ ಜಾಗ ಬಂದಾಗ ಪಟ್ಟಿ ಇಳಿಸಿ ಖಾಸಗಿ ಎಂದು ಒತ್ತಿದೆ.

"ಎಂಥ ಹುಡ್ಗಿ ಬೇಕು ಅಂತಾರೆ ಅಮ್ಮಾ?" ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆಯೇ ಅದು.

"ಅವ್ನು ಬಾಯೇ ಬುಡಾಕಿಲ್ಲ ಕಣವ್ವ. ಬಲವಂತ ಮಾಡಿ ಕೇಳುದ್ರೆ, ಓದಿರ್ಬೇಕು, ಕಂಪ್ಯೂಟ್ರು ಗೊತ್ತಿರ್ಬೇಕು ಅಂದ. ಅಳ್ಳಿ ಮನೇಲಿ ಕಂಪ್ಯೂಟ್ರು ಯಾಕ್ಲಾ ಅಂದೆ. ಇರ್ಲಿ ಬುಡವ್ವ ಅಂದ." ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಅಪ್ಪ ಆ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಏನೋ ನೋಡುತ್ತಿದ್ದರು. ನಾನು ತೆರೆಯ ಕಡೆ ತಿರುಗಿ 'ವಿದ್ಯಾವಂತೆ' ಎಂದು ಬರೆದೆ.

ಆಕೆಯನ್ನು ಬಸ್ಸಿಗೆ ಹತ್ತಿಸಲು ಅಪ್ಪ ಹೋದರು. ಮನೆಯಲ್ಲಿ ನಾನೊಬ್ಬಳೇ. ಹುಡುಗಿಯರ ಪಟ್ಟಿಯಲ್ಲಿ ಹೊಸ ಸಾಲು ತೆರೆದು ನನ್ನ ಹೆಸರು ಹಾಕಿದೆ. ನಮ್ಮ ಮನೆಯ ವಿವರ ಅದರಲ್ಲಿ ಇರಲೇ ಇಲ್ಲ, ಅದನ್ನೂ ಹೊಸದಾಗಿ ತುಂಬಿದೆ. ವಯಸ್ಸು, ಓದು, ನಕ್ಷತ್ರ. ಆಮೇಲೆ ಅವನಿಗೆ ಹೊಂದುವವರನ್ನು ಕೇಳಿದೆ. ಹೆಸರುಗಳು ಬಂದವು. ಪಿರಿಯಾಪಟ್ಟಣದ ಕಡೆಯ ಒಬ್ಬಳು, ಹುಣಸೂರಿನ ಕಡೆಯ ಇಬ್ಬರು, ನಡುವೆ ನಾನು. ಬೇರೆಯವರ ಹೆಸರಿನಷ್ಟೇ ಸಹಜವಾಗಿ ಅಲ್ಲಿದ್ದೆ. ತುಂಬಾ ಹೊತ್ತು ನೋಡಿದೆ. ಅಪ್ಪನಿಗೆ ಇದನ್ನೇ ಅಚ್ಚು ಹಾಕಿ ಕೊಟ್ಟುಬಿಡಬಹುದಿತ್ತು. ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಆಗ ಬೀದಿಯಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ಬೆಂಚು ಖಾಲಿ ಬಿದ್ದಿದ್ದ ಆ ದಿನಗಳು ಕಣ್ಣ ಮುಂದೆ ಬಂದವು. ಸಾಲು ಆರಿಸಿ ಅಳಿಸುವ ಗುಂಡಿ ಒತ್ತಿದೆ. ಅಳಿಸಿದರೆ ಮತ್ತೆ ಬರುವುದಿಲ್ಲ, ಸರಿಯೇ ಎಂದು ಪ್ರೋಗ್ರಾಂ ಕೇಳಿತು. ಸರಿ ಅಂದೆ.

ಪಿರಿಯಾಪಟ್ಟಣದ ಕಡೆಯ ಹುಡುಗಿಯೇ ಗೊತ್ತಾದಳು. ಮದುವೆಗೆ ಅಪ್ಪನ ಜೊತೆ ನಾನೂ ಹೋದೆ. ಹೋಗದಿದ್ದರೆ ಅವ್ವ ಯಾಕೆ ಅನ್ನುತ್ತಿದ್ದಳು. ಹುಡುಗಿ ಲಕ್ಷಣವಾಗಿದ್ದಳು, ನಗುಮುಖ. ಉಡುಗೊರೆ ಕೊಡಲು ಮಂಟಪ ಹತ್ತಿದಾಗ ಅವನು ಬಾಸಿಂಗದ ಕೆಳಗಿಂದ ನನ್ನ ನೋಡಿ, "ಪುಸ್ತಕ ಎಲ್ಲಿಗಂಟ ಬಂತು?" ಅಂದ.

"ಕೊನೇ ಅಧ್ಯಾಯ ಒಂದು ಉಳಿದಿದೆ," ಅಂದೆ.

"ಮುಗ್ಸಿ," ಅಂದ. ಹಿಂದೆ ಸಾಲಿನಲ್ಲಿದ್ದವರು ಮುಂದಕ್ಕೆ ತಳ್ಳಿದರು.

ಮರುವರ್ಷ ನನ್ನ ಮದುವೆ ಹುಣಸೂರಿಗೆ ಆಯಿತು. ನಮ್ಮೆಜಮಾನರು ನೀರೆತ್ತುವ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾರೆ. ಅಪ್ಪನ ಪಟ್ಟಿಯಲ್ಲಿ ಇಲ್ಲದ ಮನೆ. ಅವ್ವನ ಕಡೆಯ ಸಂಬಂಧ. ಒಳ್ಳೆಯ ಮನುಷ್ಯ. ಗದರಿ ಮಾತಾಡಿದ್ದು ನೆನಪಿಲ್ಲ. ನಾನು ಇಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ಡೇಟಾಬೇಸ್ ಪಾಠ ಬಂದಾಗ ಹೊಗೆಸೊಪ್ಪು ಬೆಳೆಯುವವರ ಮನೆಯ ಮಕ್ಕಳಿಗೆ ಸೊಪ್ಪು ಒಣಗಿಸಿ ಹದ ಮಾಡುವ ಒಂದು ಬ್ಯಾರನ್, ಅದಕ್ಕೆ ಬರುವ ಅನೇಕ ಹೊಲದ ಸೊಪ್ಪು ಎಂದು ಉದಾಹರಣೆ ಕೊಡುತ್ತೇನೆ. ಯಾವ ಪುಸ್ತಕ ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ, ಮೊದಲು ನಿನ್ನ ಪ್ರಶ್ನೆ ಏನು ಹೇಳು ಅನ್ನುತ್ತೇನೆ.

ಅಪ್ಪ ಕಣ್ಣಿನ ಪೊರೆ ತೆಗೆಸಿಕೊಂಡಾಗ ಸ್ವಲ್ಪ ದಿನ ನಮ್ಮ ಮನೆಯಲ್ಲಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕುಳಿತಿರುತ್ತಿದ್ದರು. ಒಂದು ದಿನ ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದೆ. ಅವರು ಯಾರಿಗೋ ಹೇಳುವ ಹಾಗೆ ಗೋಡೆಯ ಕಡೆ ಮುಖ ಮಾಡಿ ಶುರು ಮಾಡಿದರು.

"ಆ ಪುಸ್ತಕದಂಗ್ಡಿ ಹುಡ್ಗ ಇದ್ನಲ್ಲವ್ವ. ಅವ್ರವ್ವ ಫೋಟೊ ತಗಂಡು ಬಂದಿದ್ದು ನಿನಗೆ ಗ್ಯಾನ ಅದಾ?"

"ಇದೆ," ಅಂದೆ.

"ಬಾಗ್ಲಲ್ಲೇ ನನ್ನ ಕೇಳುದ್ರು. 'ಊರೋರ್ಗೆಲ್ಲಾ ಹುಡುಕ್ತೀಯಲ್ಲಣ್ಣಾ, ನಿನ್ ಮನೇಲೇ ಒಬ್ಳು ಅವ್ಳಲ್ಲಾ' ಅಂತ."

ನನ್ನ ಕೈ ನಿಂತಿತು. "ನೀವೇನಂದ್ರಿ?"

"ಏನನ್ಲಿ? ನಿಮ್ಮಕ್ಕನ ಮದ್ವೇಲಿ ಜನ ಅಂದ ಮಾತು ಕಿವೀಲಿತ್ತು. ನಕ್ಬುಟ್ಟು, ಒಳೀಕೆ ಬನ್ನಿ ಅಂದೆ." ಮತ್ತೆ ಅಂದರು: "ನಿನ್ನ ಕೇಳನಾ ಅನ್ಕಂಡೆ. ನೀನು ಕಂಪ್ಯೂಟ್ರು ಮುಂದೆ ಕುಂತು ಟಪಟಪ ಅಂತ ಬರ್ಕತಾ ಇದ್ದೆ. ಮುಖ ನೋಡುದ್ರೆ ಏನೂ ತಿಳೀನಿಲ್ಲ. ಊರೋರ ಮನಸ್ನೆಲ್ಲಾ ಓದ್ದೆ ಕಣವ್ವ ನಾನು. ನಿಂದು ಓದಕ್ಕಾಗ್ನಿಲ್ಲ."

ನಾನು ಆ ಸಾಲಿನ ವಿಷಯ ಹೇಳಲಿಲ್ಲ. ಆ ವಯಸ್ಸಿನಲ್ಲಿ, ಆ ಕಣ್ಣಿನಲ್ಲಿ, ಅವರಿಗೆ ಅದನ್ನು ಹೇಳಿ ಏನು ಮಾಡುವುದಿತ್ತು? "ಹೋಗ್ಲಿ ಬಿಡಿ ಅಪ್ಪಾಜಿ, ನಂಗೇನು ಕಮ್ಮಿಯಾಗಿದೆ ಇಲ್ಲಿ?" ಅಂದೆ. "ಅದೂ ದಿಟವೇ," ಅಂದರು. ಆದರೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಆ ವರ್ಷವೇ ಅವರು ತೀರಿಕೊಂಡರು. ಪುಸ್ತಕದಂಗಡಿಯವನು ಮಣ್ಣಿಗೆ ಬಂದಿದ್ದ. ತಲೆಗೂದಲು ನರೆತಿತ್ತು. ಹೆಂಡತಿಯೂ ಜೊತೆಗಿದ್ದಳು, ಅವಳೇ ಅವ್ವನ ಕೈ ಹಿಡಿದುಕೊಂಡು ಕುಳಿತಿದ್ದಳು. ನಾವಿಬ್ಬರೂ ಮಾತಾಡಲಿಲ್ಲ. ಮಾತಾಡುವುದಕ್ಕೆ ಅದು ಸಮಯವೂ ಆಗಿರಲಿಲ್ಲ.

ಈಗ ನನ್ನನ್ನು ಹೆಚ್ಚು ಕಾಡುವುದು ಬೇರೆ. ನಮ್ಮೆಜಮಾನರು ಮದುವೆಯಾದ ಹೊಸತರಲ್ಲೇ ಕೇಳಿದ್ದರು, "ನಮ್ಮ ಅಂಗಡಿಗೂ ಒಂದು ಅಂಥದ್ದು ಮಾಡ್ಕೊಡು. ಯಾವ ಊರ್ನ ಮೋಟ್ರು, ಯಾವಾಗ ಸುತ್ತಿದ್ದು, ಎಷ್ಟು ಗೇಜಿನ ತಂತಿ, ಎಲ್ಲಾ ಸಿಕ್ಕಂಗೆ." ಮಾಡೋಣ ಅಂದೆ. ಮತ್ತೆ ಕೇಳಿದಾಗಲೂ ಮಾಡೋಣ ಅಂದೆ. ಊರಿನ ಮಕ್ಕಳಿಗೆಲ್ಲ ಕಲಿಸಿದವಳು ಮನೆಯಲ್ಲಿ ಆ ಪ್ರೋಗ್ರಾಂ ತೆರೆಯಲೇ ಇಲ್ಲ. ಯಾಕೆಂದು ಅವರು ಕೇಳಲಿಲ್ಲ. ಕೇಳುವುದನ್ನೇ ಬಿಟ್ಟರು.

ಹೋದ ವರ್ಷ ತಂತಿ ತರಲು ಮೈಸೂರಿಗೆ ಹೋದವರು ಬರುವಾಗ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಒಂದು ಪುಸ್ತಕ, ಹೊಸದು, ನೀಲಿ ರಟ್ಟಿನದು, ಒಂದೇ ಕೈಯಲ್ಲಿ ಹಿಡಿಯಲಾಗದಷ್ಟು ದಪ್ಪ. "ಡೇಟಾಬೇಸ್ ಪುಸ್ತಕ ಕೊಡಿ ಅಂದೆ. ಸಣ್ಣುವೂ ಇದ್ವು. ದಪ್ಪನೇದ್ರಲ್ಲಿ ಎಲ್ಲಾ ಇರ್ತದೆ ಅನ್ಕಂಡು ಇದುನ್ನೇ ತಂದೆ. ನಿನಗೆ ಪುರಸೊತ್ತಾಗಲ್ಲ, ನಾನೇ ಕಲ್ತ್ಕತೀನಿ," ಅಂದರು. ಬೆರಳಿನ ತುದಿಗಳಲ್ಲಿ ವಾರ್ನಿಷ್ ಕಲೆ. ಅಂಗಡಿಯಲ್ಲಿ ಪುಸ್ತಕಗಳ ಮುಂದೆ ಅವರು ಒಬ್ಬರೇ ಯಾವುದನ್ನು ಮುಟ್ಟಬೇಕೆಂದು ತಿಳಿಯದೆ ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ನಾನು ಹಿಂದಿನ ಪುಟ ಬಿಚ್ಚಿ ನೋಡಿದೆ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಬಳಸುವ ಬೇರೆಯದೇ ಪ್ರೋಗ್ರಾಮಿನ ಪುಸ್ತಕ ಅದು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅದು ಇರಲೂ ಇಲ್ಲ.

"ಇದು ಬೇರೇದು ಕಣ್ರೀ," ಅಂದೆ.

ಅವರ ಮುಖ ಸಪ್ಪಗಾಯಿತು. "ವಾಪಸ್ ಕೊಟ್ಬುಡ್ಲಾ?"

"ಬೇಡ. ಭಾನುವಾರ ಅಂಗಡಿ ಮುಚ್ಚಿ. ಇಬ್ರೂ ಹೋಗಿ ನೋಡೋಣ," ಅಂದೆ.

ಅವರು ಸ್ವಲ್ಪ ಯೋಚಿಸಿ, "ಭಾನುವಾರ ಹನಗೋಡಿಂದ ಒಂದ್ ಮೋಟ್ರು ಬತ್ತದೆ. ನೀರಿಲ್ದೆ ಸಸಿಮಡಿ ಒಣಗ್ತಾ ಅವಂತೆ," ಅಂದರು.

"ಹಾಗಾದ್ರೆ ಅದರ ಮುಂದಿನ ಭಾನುವಾರ," ಅಂದೆ.

"ಆಯ್ತು," ಎಂದು ಅವರು ಕೈ ತೊಳೆಯಲು ಹಿತ್ತಿಲಿಗೆ ಹೋದರು.